ಬಿಸಿಲಿಲ್ಲದ ಹಿತ್ತಿಲಿಗೂ ನಾಲ್ಕು ಸಾಲು ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ತಾರಸಿ ತೋಟದ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಟೊಮೆಟೊ, ಬದನೆ, ದೊಣ್ಣೆಮೆಣಸು, ಚಿತ್ರಗಳೆಲ್ಲ ಕಣ್ಣು ತುಂಬುವಂತಿದ್ದವು. ಕೆಳಗೆ ಒಂದು ಸಾಲು: ದಿನಕ್ಕೆ 6ರಿಂದ 8 ತಾಸು ಬಿಸಿಲು ಬೇಕು. ಅಲ್ಲಿಗೆ ಕನ್ನಡಕ ತೆಗೆದಿಟ್ಟೆ. ಚಳಿಗಾಲದಲ್ಲಿ ನನ್ನ ಹಿತ್ತಿಲಿಗೆ ಬೀಳುವ ಬಿಸಿಲನ್ನು ಇಡೀ ವಾರದ್ದು ಸೇರಿಸಿದರೆ ಅಷ್ಟಾಗುತ್ತದೆ.

ನಾನು ಕಾರವಾರದಲ್ಲಿರುವ ನಿವೃತ್ತ ಗಣಿತದ ಅಕ್ಕೋರು. ತವರು ಶಿರಸಿ ಕಡೆ. ನಮ್ಮದು ಹಂಚಿನ ಮನೆ. ದಕ್ಷಿಣಕ್ಕೆ 12 ಅಡಿ ಉದ್ದ, 9 ಅಡಿ ಅಗಲದ ಹಿತ್ತಿಲು, ಅದರಲ್ಲೂ ಅರ್ಧ ಸಿಮೆಂಟು. ಪೂರ್ವಕ್ಕೆ ಪಕ್ಕದ ಮನೆಯ ಹಲಸಿನ ಮರ. ದಕ್ಷಿಣಕ್ಕೆ ಮೊದಲು ಖಾಲಿ ಜಾಗ ಇತ್ತು, ಈಗ ನಾಲ್ಕು ಮಹಡಿ ಎದ್ದಿದೆ. ಕಟ್ಟಿದವರ ಮೇಲೆ ನನ್ನ ತಕರಾರೇನೂ ಇಲ್ಲ. ಅವರ ಜಾಗ, ಅವರು ಕಟ್ಟಿಕೊಂಡರು.

ಮೊದಲ ವರ್ಷ ಇಂಥದೇ ಒಂದು ಲೇಖನ ಓದಿ ಹತ್ತು ಗ್ರೋ ಬ್ಯಾಗ್, ಗೊಬ್ಬರ, ಟೊಮೆಟೊ ಸಸಿ ಎಲ್ಲ ತಂದೆ. 1,400 ರೂಪಾಯಿ ಆಯಿತು. ಅಕ್ಟೋಬರಿನಲ್ಲಿ ನೆಟ್ಟೆ. ಗಿಡ ನನ್ನ ಭುಜದೆತ್ತರ ಬಂತು, ಕಡ್ಡಿಯ ಹಾಗೆ ಸಪೂರ, ಬಿಳಿಚಿಕೊಂಡು, ಬೆಳಕಿದ್ದ ಕಡೆ ವಾಲಿಕೊಂಡು. ಹೂ ಬಿಟ್ಟಿತು, ಉದುರಿತು. ಕೊನೆಗೆ ನಿಂತದ್ದು ಮೂರು ಕಾಯಿ. ಒಂದನ್ನು ಪಿಕಳಾರ ಹಕ್ಕಿ ತಿಂದಿತು. ಉಳಿದೆರಡರಲ್ಲಿ ಸಾರು ಮಾಡಿದೆ. ಒಂದು ಟೊಮೆಟೊಕ್ಕೆ 700 ರೂಪಾಯಿ ಬಿತ್ತು.

ಗಣಿತ ಕಲಿಸಿದವಳಿಗೆ ಇಷ್ಟಾದ ಮೇಲೆ ಸುಮ್ನೆ ಕೂರಲಾಗಲಿಲ್ಲ. ಸೀಮೆಸುಣ್ಣ ಹಿಡಿದು ತಾಸಿಗೊಮ್ಮೆ ನೆರಳಿನ ಅಂಚಿಗೆ ಗೆರೆ ಹಾಕಿದೆ. ಆಗ ತಿಳಿಯಿತು. ಕಾರವಾರದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಆಗ ದಕ್ಷಿಣದ ಕಟ್ಟಡ ನನಗೆ ಅಡ್ಡವೇ ಅಲ್ಲ. ಆದರೆ ಆ ದಿನಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಳೆಮೋಡ. ಅಕ್ಟೋಬರ್ ಹೊತ್ತಿಗೆ ಮೋಡ ಸರಿಯುತ್ತದೆ, ಅಷ್ಟರಲ್ಲಿ ಸೂರ್ಯನೂ ದಕ್ಷಿಣಕ್ಕೆ ಸರಿದಿರುತ್ತಾನೆ. ಡಿಸೆಂಬರಿನಲ್ಲಿ 40 ಅಡಿ ಎತ್ತರದ ಕಟ್ಟಡದ ನೆರಳು ನಡು ಮಧ್ಯಾಹ್ನಕ್ಕೂ 31 ಅಡಿ ಉದ್ದ ಬೀಳುತ್ತದೆ. ನನ್ನ ಹಿತ್ತಿಲು ಒಂಬತ್ತೇ ಅಡಿ. ಅಂದರೆ ನಮ್ಮ ಕರಾವಳಿಯಲ್ಲಿ ತರಕಾರಿ ಹಾಕುವ ಕಾಲ ಯಾವುದೋ, ಆ ಕಾಲಕ್ಕೇ ನನ್ನ ಹಿತ್ತಿಲು ಕತ್ತಲು. ಟೊಮೆಟೊದ್ದೇನೂ ತಪ್ಪಿರಲಿಲ್ಲ.

ಆಮೇಲೆ ತವರುಮನೆ ನೆನಪಾಯಿತು. ಅಡಿಕೆ ತೋಟದ ಅಂಚಿನ ಮನೆ ಅದು. ಅಲ್ಲಿ ಬಿಸಿಲು ಅಂದರೆ ಸೋಗೆಯ ಸಂದಿಯಿಂದ ಉದುರುವ ಚೂರುಗಳು, ಅಷ್ಟೆ. ಆದರೂ ಆಯಿ ಸೊಪ್ಪಿಗಾಗಿ ಪೇಟೆಗೆ ಹೋದದ್ದು ನಾನು ಕಂಡಿಲ್ಲ. ಬಚ್ಚಲ ನೀರು ಹೋಗುವಲ್ಲಿ ಕೆಸು, ಬಾವಿಕಟ್ಟೆಯ ತಂಪಿನಲ್ಲಿ ಒಂದೆಲಗ, ತೋಟದೊಳಗೆ ಶುಂಠಿ, ಅರಿಶಿನ, ಸೂಜಿಮೆಣಸು. ಎಲ್ಲವೂ ನೆರಳಿನವೇ ಅಲ್ವಾ? ಐವತ್ತು ವರ್ಷ ಅವುಗಳನ್ನೇ ಉಂಡು, ನಾನು ಹೋಗಿ ಟೊಮೆಟೊ ಸಸಿ ತಂದೆ.

ಈಗ ನನ್ನಲ್ಲಿ 23 ಡಬ್ಬಿಗಳಿವೆ. ಹಳೇ ಪೇಂಟ್ ಬಕೆಟ್, ಸಿಮೆಂಟ್ ಚೀಲ, ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆ. ಈ ಪೆಟ್ಟಿಗೆಗಳು ಬೈತಕೋಲ ಬಂದರಿನ ಕಡೆ ಬೇಕಾದಷ್ಟು ಸಿಗುತ್ತವೆ. ಬಿಸಿಲಿಗಿಟ್ಟರೆ ಪುಡಿಪುಡಿಯಾಗಿ ಊರೆಲ್ಲ ಹಾರುತ್ತವೆ, ನೆರಳಲ್ಲಿ ಎರಡು ಮೂರು ವರ್ಷ ಬಾಳುತ್ತವೆ. ಉಪ್ಪು ಹೋಗುವಂತೆ ಮೂರು ಸಲ ತೊಳೆದು, ತೂತು ಕೊರೆದೇ ಮಣ್ಣು ತುಂಬಬೇಕು.

ಅರಿಶಿನದ ವಿಷಯ ಮಾತ್ರ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದ ಕೂಡಲೇ 20 ಲೀಟರಿನ ಬಕೆಟ್ಟಿಗೆ ಎರಡು ತುಂಡು ಗಡ್ಡೆ ಊರುತ್ತೇನೆ. ಕಟ್ಟಡದ ನೆರಳು ನನ್ನ ಮೇಲಿಲ್ಲದ ತಿಂಗಳುಗಳಲ್ಲೇ ಅದು ಎಲೆ ಬಿಡುತ್ತದೆ. ನಾಗರಪಂಚಮಿಗೆ ಎಲೆ ಕೊಯ್ಯಬಹುದು. ಕಾಯಿಬೆಲ್ಲದ ಹೂರಣ ಇಟ್ಟು ಆ ಎಲೆಯಲ್ಲಿ ಕಡುಬು ಬೇಯುವಾಗ ಬರುವ ಪರಿಮಳಕ್ಕೆ ಓಣಿಯ ಮಕ್ಕಳೆಲ್ಲ ಬಂದು ನಿಲ್ಲುತ್ತವೆ. ಡಿಸೆಂಬರಿನಲ್ಲಿ ಬಿಸಿಲು ತೀರಾ ಕಡಿಮೆಯಾಗುವ ಹೊತ್ತಿಗೆ ಅದರ ಎಲೆಯೂ ತಾನಾಗಿ ಒಣಗುತ್ತದೆ, ಅದಕ್ಕಿನ್ನು ಬಿಸಿಲಿನ ಹಂಗಿಲ್ಲ. ಜನವರಿಯಲ್ಲಿ ಬಕೆಟ್ ಬೋರಲು ಹಾಕಿದರೆ ಆಯಿತು. ಹೋದ ಸಲ ಒಂದು ಬಕೆಟ್ಟಿಗೆ 900 ಗ್ರಾಂ ಹಸಿ ಅರಿಶಿನ ತೂಗಿತು. ನನ್ನ ಹಿತ್ತಿಲಿನ ಪಂಚಾಂಗಕ್ಕೆ ಇಷ್ಟು ಸರಿಯಾಗಿ ಕೂಡುವ ಬೆಳೆ ಇನ್ನೊಂದಿಲ್ಲ.

ಕೆಸುವಿಗೆ ನೀರಿನ ಆಸೆ, ಬಿಸಿಲಿನ ಹಟ ಇಲ್ಲ. ಮಳೆಗಾಲದುದ್ದಕ್ಕೂ ಪತ್ರೊಡೆಗೆ ಎಲೆ ಸಿಗುತ್ತದೆ. ತುರಿಕೆಗೆ ಹೆದರಿ ಬಿಡಬೇಡಿ. ಎಲೆಯೊಳಗೆ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಹುಣಸೆ ಹುಳಿ ಧಾರಾಳ ಹಾಕಿ ಚೆನ್ನಾಗಿ ಬೇಯಿಸಿ. ಚಕ್ರಮುನಿ ಸೊಪ್ಪಿನ ಗಿಡ ಕಡ್ಡಿ ಊರಿದರೆ ಸಾಕು, ಬರುತ್ತದೆ. ಅದನ್ನು ಬೇಯಿಸಿಯೇ ತಿನ್ನಬೇಕು. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಅದರ ಹಸಿ ರಸ ಕುಡಿದು ಶ್ವಾಸಕೋಶ ಕೆಡಿಸಿಕೊಂಡವರಿದ್ದಾರೆ. ಒಂದೆಲಗ, ಪುದಿನ, ದೊಡ್ಡಪತ್ರೆಗೆ ಚಳಿಗಾಲದ ಆ ಒಂದು ತಾಸಿನ ಬಿಸಿಲೂ ಸಾಲುತ್ತದೆ. ಎದುರಿನ ಗೋಡೆಗೆ ಸುಣ್ಣ ಬಳಿಸಿದ ಮೇಲೆ ಬೆಳಕು ಇನ್ನೂ ಸುಧಾರಿಸಿತು. ತಂಬುಳಿಗೆ ಕೊರತೆ ಇಲ್ಲ.

ಬಸಳೆಯದು ಬೇರೆಯೇ ಕಥೆ. ಹಂಬು ನೆಟ್ಟು ತಿಂಗಳಾದರೂ ಅಲ್ಲೇ ಇತ್ತು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ನೋಡಿ, 'ಅಕ್ಕೋರೇ, ಮೀನು ತೊಳೆದ ನೀರು ಹಾಕಿ, ಆಮೇಲೆ ನೋಡಿ' ಎಂದಳು. ನಾವು ಮೀನು ತಿನ್ನದವರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮರುದಿನದಿಂದ ಆಕೆಯೇ ಬುಡಕ್ಕೆ ಸುರಿದು ಹೋಗತೊಡಗಿದಳು. ಮೂರೇ ವಾರಕ್ಕೆ ಅಂಗೈಯಗಲ ಎಲೆ! ನಮ್ಮ ಯಜಮಾನರು ಬಸಳೆ ಹುಳಿಯನ್ನು ಎರಡೆರಡು ಸಲ ಬಡಿಸಿಕೊಳ್ಳುತ್ತಾರೆ. ಅವರಿಗೆ ಈ ಪತ್ರ ಓದಲು ಕೊಡುವುದಿಲ್ಲ.

ಇನ್ನು ಮಳೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆಯಾದರೆ ನಮಗೆ 3,000ದ ಆಸುಪಾಸು, ಅದೂ ಹೆಚ್ಚಿನಂಶ ನಾಲ್ಕೇ ತಿಂಗಳಲ್ಲಿ. ನಿಮ್ಮ ಲೇಖನದಲ್ಲಿ ಕುಂಡದ ಅಡಿ ತಟ್ಟೆ ಇಡಿ ಎಂದು ಬರೆದಿದ್ದರು. ಇಲ್ಲಿ ಜೂನಿನಲ್ಲಿ ಹಾಗೆ ಮಾಡಿದರೆ ಬೇರು ಕೊಳೆಯುತ್ತದೆ, ತಟ್ಟೆಯಲ್ಲಿ ಡೆಂಗಿ ಸೊಳ್ಳೆ ಮರಿ ಮಾಡುತ್ತದೆ. ನಾನು ತಟ್ಟೆ ತೆಗೆದು ಎರಡೆರಡು ಹಂಚಿನ ಚೂರಿನ ಮೇಲೆ ಡಬ್ಬಿ ನಿಲ್ಲಿಸುತ್ತೇನೆ. ನಮ್ಮ ಚಿರೆಕಲ್ಲಿನ ಕೆಂಪು ಮಣ್ಣನ್ನು ಹಾಗೆಯೇ ತುಂಬಿದರೆ ಡಬ್ಬಿಯೊಳಗೆ ಇಟ್ಟಿಗೆಯಾಗುತ್ತದೆ. ಅದರಷ್ಟೇ ಗೊಬ್ಬರ, ಅಷ್ಟೇ ತೆಂಗಿನ ನಾರಿನ ಪುಡಿ ಕಲಸಬೇಕು. ಕಡಲ ದಂಡೆಯ ಮರಳು ಖಂಡಿತ ಬೇಡ, ಉಪ್ಪು. ಬಸವನಹುಳುವಿಗೆ ಬೂದಿ ಹಾಕಿ ಅನ್ನುತ್ತಾರೆ. ಕಾರವಾರದ ಮಳೆಯಲ್ಲಿ ಬೂದಿ ಹತ್ತು ನಿಮಿಷ ನಿಂತರೆ ಹೇಳಿ. ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ದಾರಿ.

ನನ್ನ ಕೇಳಿಕೆ ದೊಡ್ಡದಲ್ಲ. ತಾರಸಿ ಇದ್ದವರಿಗೆ ಬರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಈಗ ಕಾರವಾರ, ಕುಮಟಾ, ಶಿರಸಿಯಲ್ಲೂ ಮನೆಗೆ ಮನೆ ಅಂಟಿಕೊಳ್ಳುತ್ತಿವೆ. ನೆರಳಿನ ಹಿತ್ತಿಲಿನವರು ಜಾಸ್ತಿಯಾಗುತ್ತಿದ್ದೇವೆ. ನಮ್ಮ ಮಳೆ, ನಮ್ಮ ಬಿಸಿಲು ನೋಡಿ ತಿಂಗಳಿಗೊಂದು ಸಣ್ಣ ಚೌಕ ಕೊಡಿ: ಈ ತಿಂಗಳು ಏನು ಊರಬೇಕು, ಏನು ಕೊಯ್ಯಬೇಕು. ನರ್ಸರಿಯವರಿಗೂ ಒಂದು ಮಾತು. ನಾನು ಹೋಗಿ ಕೆಸುವಿನ ಗಡ್ಡೆ, ಒಂದೆಲಗದ ಬೇರು ಕೇಳಿದರೆ 'ಅದೆಲ್ಲ ಯಾರು ಇಡ್ತಾರೆ ಅಮ್ಮಾ' ಎಂದು ನಗುತ್ತೀರಿ. ಇಡಿ, ನಾವು ಕೊಳ್ಳುತ್ತೇವೆ.

ಅಲ್ಲಿಯವರೆಗೆ ನನ್ನ ಹಾಗಿನವರು ರವಿವಾರದ ಸಂತೆಗೆ ಹೋಗಿ. ಅಂಕೋಲೆ ಕಡೆಯಿಂದ ಸೊಪ್ಪು ತರುವ ಹಾಲಕ್ಕಿ ಸಮುದಾಯದ ಹೆಂಗಸರನ್ನು ಕೇಳಿದರೆ ಮುಂದಿನ ವಾರ ಬೇರು ಸಮೇತ ತಂದುಕೊಡುತ್ತಾರೆ. ನನಗೆ ಒಂದೆಲಗ ಸಿಕ್ಕಿದ್ದು ಹಾಗೆಯೇ, ಹತ್ತು ರೂಪಾಯಿಗೆ. ಬೆಳಿಗ್ಗೆ ಎಂಟರೊಳಗೆ ಹೋಗಬೇಕು, ತಡವಾದರೆ ಬುಟ್ಟಿ ಖಾಲಿ.

ಇತಿ,
ಒಬ್ಬ ನಿವೃತ್ತ ಅಕ್ಕೋರು
ಕಾರವಾರ