ಹೆಜ್ಜೆ ಮೊದಲು, ಪೆಟ್ಟು ಆಮೇಲೆ

ಮಾನ್ಯರೇ,

ಯಕ್ಷಗಾನ ಮೇಳದ ಈ ಸಲದ ತಿರುಗಾಟದಲ್ಲಿ ನಮ್ಮ ಮನೆಯಂಗಳದಲ್ಲಿ ಹರಕೆ ಆಟ, ಅಂದರೆ ಹರಕೆ ತೀರಿಸಲು ಆಡಿಸುವ ಯಕ್ಷಗಾನ, ಆಡಿಸಿದೆವು. ಮೂರು ಗಂಟೆಯ ಕಾಲಮಿತಿ ಆಟ. ಅಮ್ಮನಿಗೆ 82 ವರ್ಷ. ಫೋನಿನಲ್ಲಿ ನೋಡುವುದು ಅವರಿಗೆ ಆಗುವುದಿಲ್ಲ, ಹಳೆಯ ಡಿವಿಡಿ ಪ್ಲೇಯರೇ ಬೇಕು. ಅದಕ್ಕೆಂದೇ ಒಂದು ಸ್ಟುಡಿಯೊದವರಿಂದ ರೆಕಾರ್ಡ್ ಮಾಡಿಸಿ ಡಿಸ್ಕ್ ತರಿಸಿದೆ.

ಒಡ್ಡೋಲಗದವರೆಗೆ, ಅಂದರೆ ವೇಷಗಳು ಮೊದಲು ರಂಗಕ್ಕೆ ಬರುವವರೆಗೆ, ಎಲ್ಲ ಸರಿ ಇತ್ತು. ಒಂದು ಗಂಟೆ ಕಳೆಯುವಾಗ ಅಮ್ಮ ಕೇಳಿದರು: "ಮಗಾ, ಹೆಜ್ಜೆ ಒಂದು ಕಡೆ, ಪೆಟ್ಟು ಒಂದು ಕಡೆ ಆಯ್ತಲ್ಲ?" ಅವರ ಅಣ್ಣ ಮದ್ದಲೆಗಾರರಾಗಿದ್ದರು. ಅಮ್ಮನ ಕಿವಿ ತಪ್ಪುವುದಿಲ್ಲ. ಪ್ರಸಂಗ ಮುಗಿಯುವ ಹೊತ್ತಿಗೆ ವೇಷಧಾರಿ ಕುಣಿದು ನಿಂತ ಮೇಲೆ ಚೆಂಡೆಯ ಪೆಟ್ಟು ಕೇಳುತ್ತಿತ್ತು. ಮಂಡಿ ಹಾಕುವಾಗಲಂತೂ (ಮೊಣಕಾಲೂರಿ ಗಿರಗಿರನೆ ತಿರುಗುವಾಗ) ವೇಷ ತಿರುಗದೆ ತಡವರಿಸಿದಂತೆ ಕಾಣುತ್ತಿತ್ತು. ಕಲಾವಿದರು ಹಾಗೆ ಕುಣಿದಿರಲಿಲ್ಲ. ನಾನು ಎದುರಲ್ಲೇ ಕೂತು ನೋಡಿದ್ದೇನೆ.

ನಾನು ಹಿಂದೆ ಮದುವೆ ವಿಡಿಯೊ ಮಾಡಿದವನು. ಮಿನಿ ಡಿವಿ ಕ್ಯಾಸೆಟ್ ಕಾಲದಲ್ಲಿ ಈ ತೊಂದರೆಯೇ ಇರಲಿಲ್ಲ. ನಮ್ಮದು ಪಾಲ್ ಎಂಬ ಟಿವಿ ಪದ್ಧತಿಯ ದೇಶ. ಕ್ಯಾಮರಾ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಟಿವಿ 25, ಡಿಸ್ಕೂ 25. ಈಗಿನ ಫೋನು, ಕ್ಯಾಮರಾಗಳು ಹೆಚ್ಚಾಗಿ ಅಮೆರಿಕದ ಲೆಕ್ಕದಲ್ಲಿ 29.97 ಅಥವಾ 30ಕ್ಕೆ ತೆಗೆಯುತ್ತವೆ. 1953ರಲ್ಲಿ ಅಲ್ಲಿ ಬಣ್ಣದ ಟಿವಿ ಬಂದಾಗ ಬಣ್ಣದ ಸಿಗ್ನಲ್ಲು ಧ್ವನಿಗೆ ಅಡ್ಡ ಬರಬಾರದೆಂದು 30 ಇದ್ದದ್ದನ್ನು 29.97 ಮಾಡಿದರು. ಆ ಸಣ್ಣ ವ್ಯತ್ಯಾಸವೇ ನಮ್ಮ ಅಂಗಳದ ಆಟವನ್ನು ಕೆಡಿಸಿತು.

ಸ್ಟುಡಿಯೊದಿಂದ ಮೂಲ ಫೈಲು ಕೇಳಿ ತಂದು ನೋಡಿದೆ. ಕ್ಯಾಮರಾದ್ದು 29.97. ಧ್ವನಿಯನ್ನು ಮೈಕ್ ಸೆಟ್ಟಿನಿಂದ ಬೇರೆಯಾಗಿ ತೆಗೆದಿದ್ದರು. ಎಡಿಟ್ ಮಾಡುವಾಗ ಚಿತ್ರವನ್ನು ಸುಮ್ನೆ 30 ಎಂದು ಹಾಕಿಬಿಟ್ಟಿದ್ದರು. ಆಗ ಚಿತ್ರ ಸಾವಿರಕ್ಕೆ ಒಂದು ಪಾಲು ಬೇಗ ಓಡುತ್ತದೆ. ಗಂಟೆಗೆ 3.6 ಸೆಕೆಂಡ್, ಮೂರು ಗಂಟೆಗೆ 10.8 ಸೆಕೆಂಡ್! ಅದರ ಮೇಲೆ 25ರ ಡಿಸ್ಕ್ ಮಾಡಲು ಪ್ರತಿ ಸೆಕೆಂಡಿಗೆ ಐದು ಫ್ರೇಮ್ ಕಿತ್ತು ಹಾಕಿದ್ದರು. ಮಂಡಿ ತಡವರಿಸಿದ್ದು ಅದಕ್ಕೇ. ಮೂರು ಗಂಟೆಯನ್ನು 4.7 ಜಿಬಿಯ ಒಂದೇ ಡಿಸ್ಕಿಗೆ ತುಂಬಿದ್ದರಿಂದ ಕುಣಿತ ಬಿರುಸಾದಾಗಲೆಲ್ಲ ಮುಖವರ್ಣಿಕೆ ಕಲಸಿ ಹೋಗುತ್ತಿತ್ತು.

ಹುಡುಗರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಆದರೆ ದಾರಿ ಸುಲಭ ಇದೆ. 25ರಲ್ಲಿ ತೆಗೆದದ್ದನ್ನು 720x576 ಅಳತೆಯ ಪಾಲ್ ಡಿಸ್ಕ್ ಮಾಡಲಿ. 29.97ರಲ್ಲಿ ತೆಗೆದಿದ್ದರೆ ಅದನ್ನು 25ಕ್ಕೆ ಇಳಿಸಲೇಬಾರದು, 720x480ರ ಎನ್‌ಟಿಎಸ್‌ಸಿ (ಅಮೆರಿಕದ ಪದ್ಧತಿಯ) ಡಿಸ್ಕ್ ಮಾಡಲಿ. ನಮ್ಮಲ್ಲಿನ ಹೆಚ್ಚಿನ ಪ್ಲೇಯರ್‌ಗಳು ಎರಡನ್ನೂ ಓಡಿಸುತ್ತವೆ. ಧ್ವನಿ 48 ಕಿಲೊಹರ್ಟ್ಸ್ ಇರಲಿ. ಇನ್ನು ಕೆಲವರು ಎಂಪಿ4 ಫೈಲನ್ನು ಹಾಗೇ ಡಿಸ್ಕಿಗೆ ಹಾಕಿ ಡಿವಿಡಿ ಎಂದು ಕೊಡುತ್ತಾರೆ, ಅದು ಹಳೆಯ ಪ್ಲೇಯರಿನಲ್ಲಿ ಓಡುವುದೇ ಇಲ್ಲ. ಎಲ್ಲಕ್ಕಿಂತ ಒಳ್ಳೆಯದು ಮೊದಲೇ ಕ್ಯಾಮರಾವನ್ನು 25 ಅಥವಾ 50ಕ್ಕೆ ಇಟ್ಟುಕೊಳ್ಳುವುದು. ನಮ್ಮ ಕರೆಂಟು 50 ಹರ್ಟ್ಸ್ ಅಲ್ವಾ, ಟ್ಯೂಬ್‌ಲೈಟ್ ಮಿನುಗುವ ಕಾಟವೂ ತಪ್ಪುತ್ತದೆ.

ಹರಕೆ ಆಟಕ್ಕೆ ಜನ ವರ್ಷಗಟ್ಟಲೆ ಕಾಯುತ್ತಾರೆ. ಅಂದು ಹಾಡಿದ ಭಾಗವತರು, ಕುಣಿದ ವೇಷ ಮತ್ತೆ ಅದೇ ಅಂಗಳಕ್ಕೆ ಬರುತ್ತಾರೆಂದು ಹೇಳಲಾಗದು. ಅದಕ್ಕೇ ಸ್ಟುಡಿಯೊದವರಲ್ಲಿ ನನ್ನ ವಿನಂತಿ: ಡಿಸ್ಕಿನ ಕವರಿನ ಮೇಲೆ ಫ್ರೇಮ್ ರೇಟ್ ಬರೆಯಿರಿ. ಮೂಲ ಫೈಲನ್ನು ಅಳಿಸುವ ಮೊದಲು ಮನೆಯವರನ್ನು ಒಂದು ಮಾತು ಕೇಳಿ. ನನಗೆ ಮೂಲ ಫೈಲು ಸಿಕ್ಕಿದ್ದರಿಂದ ಎರಡು ಡಿಸ್ಕಿನಲ್ಲಿ ಹೊಸದಾಗಿ ಮಾಡಿದೆ. ಮೊನ್ನೆ ಅಮ್ಮ ಕೊನೆಯ ಮಂಗಳದವರೆಗೂ ತೊಡೆಯ ಮೇಲೆ ತಾಳ ಹಾಕುತ್ತ ಕೂತಿದ್ದರು.

– ಹಳೆಯ ವಿಡಿಯೊಗ್ರಾಫರ್, ಕುಂದಾಪುರ ತಾಲ್ಲೂಕು