ಬಣ್ಣದ ಚೀಟಿ ಪುಸ್ತಕದ ಒಳಗಿರಲಿ

ಮಾನ್ಯರೇ,

ನಾನು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಈಗ ಕಾರವಾರದ ಹತ್ತಿರದ ಒಂದು ಶಾಲೆಗೆ ವಾರಕ್ಕೆ ಎರಡು ದಿನ ಹೋಗುತ್ತೇನೆ. ಗ್ರಂಥಾಲಯದ ಪುಸ್ತಕ ಕೊಡುವುದು, ವಾಪಸ್ ಬಂದದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ.

ಅಲ್ಲಿ ಈಗ ಮಕ್ಕಳ ಓದುವ ಮಟ್ಟ ನೋಡಿ ಪುಸ್ತಕ ಕೊಡುತ್ತಾರೆ. ಪುಸ್ತಕದ ಬೆನ್ನಿಗೆ ಬಣ್ಣದ ಚೀಟಿ. ಕೆಂಪು ಮೊದಲ ಮಟ್ಟ, ಆಮೇಲೆ ಹಸಿರು, ನೀಲಿ, ಹಳದಿ. ಯಾವ ಮಗುವಿಗೆ ಯಾವ ಬಣ್ಣ ಅನ್ನುವ ಪಟ್ಟಿ ಗೋಡೆಯ ಮೇಲಿದೆ.

ಮಟ್ಟ ನೋಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಹಿಂದೆ ಮೂರನೇ ತರಗತಿಯ ಒಬ್ಬಳಿಗೆ ದಪ್ಪನೆಯ ಕಥೆ ಪುಸ್ತಕ ಕೊಟ್ಟಿದ್ದೆ. ಮೂರು ವಾರ ಇಟ್ಟುಕೊಂಡು, ಚೆನ್ನಾಗಿತ್ತು ಟೀಚರ್ ಅಂತ ವಾಪಸ್ ಕೊಟ್ಟಳು. ಗುರುತಿಗೆ ಇಟ್ಟ ನವಿಲುಗರಿ ಮೂರನೇ ಪುಟದಲ್ಲೇ ಇತ್ತು. ಅವಳಿಗೆ ಏನು ಓದಲು ಬರುತ್ತದೆ ಅಂತ ನಾನು ಮೊದಲು ನೋಡಬೇಕಿತ್ತು. ಈಗಿನ ಶಿಕ್ಷಕರಿಗೆ ಆ ಸಹಾಯ ಸಿಗುತ್ತಿದೆ. ಮಕ್ಕಳ ಪುಸ್ತಕ ಹೊರತರುವ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ಜಾಲತಾಣದಲ್ಲಿ ಕಥೆಗಳನ್ನು ನಾಲ್ಕು ಹಂತ ಮಾಡಿದ್ದಾರೆ. ಮೊದಲ ಹಂತದ ಕಥೆ 250 ಪದದೊಳಗೆ ಮುಗಿಯುತ್ತದೆ, ನಾಲ್ಕನೆಯದು 1500 ದಾಟುತ್ತದೆ. ಹೊಸಬರಿಗೆ ಪುಸ್ತಕ ಆರಿಸಲು ಇದು ಒಳ್ಳೆಯ ದಾರಿ.

ನನ್ನ ಸಂಕಟ ಬೇರೆ. ಐದನೇ ತರಗತಿಯ ಒಬ್ಬ ಹುಡುಗನಿಗೆ ಪಟ್ಟಿಯಲ್ಲಿ ಕೆಂಪು ಬಣ್ಣ. ತಾಯಿ ಮೀನು ಮಾರುತ್ತಾರೆ. ಒಂದು ದಿನ ಅವನು ಕಪಾಟಿನಿಂದ ಸಮುದ್ರದ ಮೀನುಗಳ ಬಗ್ಗೆ ಇರುವ ಪುಸ್ತಕ ತೆಗೆದ. ಹಳದಿ ಚೀಟಿಯದು. ಪಕ್ಕದಲ್ಲಿದ್ದ ಹುಡುಗಿ "ಅದು ನಿಂದಲ್ಲ, ನಿಂದು ಕೆಂಪು" ಅಂದಳು. ಇವನು ಏನೂ ಹೇಳಲಿಲ್ಲ. ಪುಸ್ತಕ ಇದ್ದಲ್ಲೇ ಇಟ್ಟು, ಒಂದನೇ ತರಗತಿಯವರು ಓದುವ ಕಾಗೆಯ ಕಥೆ ಹಿಡಿದುಕೊಂಡು ಮೂಲೆಗೆ ಹೋಗಿ ಕೂತ. ತೆರೆದು ನೋಡಲೂ ಇಲ್ಲ.

ಮಧ್ಯಾಹ್ನ ಊಟ ಆದ ಮೇಲೆ ಆ ಮೀನಿನ ಪುಸ್ತಕ ತಂದು ಜಗಲಿಯಲ್ಲಿ ಅವನ ಜೊತೆ ಕೂತೆ. 'ಸಂತಾನೋತ್ಪತ್ತಿ' ಅನ್ನುವ ಪದ ಬಂತು. 'ತ್ಪ' ಹತ್ತಿರ ನಿಂತುಬಿಟ್ಟ. ಮತ್ತೆ ಮತ್ತೆ ಪ್ರಯತ್ನಿಸಿದ, ಆಗಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಚಿತ್ರ ನೋಡಿ, "ಮೀನು ತತ್ತಿ ಇಡೂದಾ ಟೀಚರ್? ಅದ್ಕೇ ಮಳೆಗಾಲದಲ್ಲಿ ಬೋಟು ಬಂದ್ ಮಾಡ್ತಾರೆ ಅಲ್ವಾ?" ಅಂದ. ಹೌದಲ್ಲ! ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಪದ ಓದಲು ಬಾರದ ಹುಡುಗ ಅದರ ಅರ್ಥ ಹೇಳಿಬಿಟ್ಟಿದ್ದ. ನಾಲ್ಕು ಪುಟಕ್ಕೆ ನಲವತ್ತು ನಿಮಿಷ ಆಯಿತು. ಗಂಟೆ ಹೊಡೆದಾಗ "ನಾಳೆ ಉಳಿದದ್ದು ಓದುವಾ" ಅಂತ ಅವನೇ ಕೇಳಿದ. ಇಂಥ ಮಗುವಿಗೆ ನಾವು ಯಾವ ಬಣ್ಣ ಕೊಡಬೇಕು?

ಇನ್ನೊಂದು ಮಾತು. ಪದ ಎಷ್ಟು ಬಳಕೆಯಲ್ಲಿದೆ, ವಾಕ್ಯ ಎಷ್ಟು ಉದ್ದ ಅಂತ ನೋಡಿ ಮಟ್ಟ ಹೇಳುವ ಲೆಕ್ಸೈಲ್‌ನಂಥ ಅಳತೆ ಅಮೆರಿಕದ್ದು. ಇಂಗ್ಲಿಷ್‌ಗೆ ಸರಿಹೋದ ಲೆಕ್ಕ ಕನ್ನಡಕ್ಕೆ ಸುಮ್ನೆ ಕೂರುವುದಿಲ್ಲ. 'ಹೋಗಬೇಕಾಗಿತ್ತಲ್ಲ' ಅನ್ನುವುದು ನಮ್ಮಲ್ಲಿ ಒಂದೇ ಪದ. ಉದ್ದ ಇದ್ದರೂ ಮಕ್ಕಳು ಅದನ್ನು ಹೇಗೋ ಓದಿಬಿಡುತ್ತಾರೆ. 'ಜ್ಞಾನ' ಎರಡೇ ಅಕ್ಷರ, ಅಲ್ಲಿ ಎಡವುತ್ತಾರೆ. ಅರ್ಕಾವೊತ್ತು ಬಂದರಂತೂ 'ಸೂರ್ಯ' ಹೋಗಿ 'ಸೂಯ್ರ' ಆಗುತ್ತಾನೆ. ಕಲಿಸಿದ ಯಾರನ್ನೇ ಕೇಳಿ, ನಕ್ಕು ಹೌದು ಅಂತಾರೆ. ಕಾಗುಣಿತ ಬಂತಾ, ಒತ್ತಕ್ಷರ ಬಂತಾ ಅಂತ ನೋಡುವುದೇ ನಮಗೆ ಸರಿಯಾದ ಅಳತೆ.

ಅದರ ಮೇಲೆ ನಮ್ಮ ಜಿಲ್ಲೆಯ ಮನೆಮಾತುಗಳು. ಕಾರವಾರದ ಎಷ್ಟೋ ಮಕ್ಕಳ ಮನೆಮಾತು ಕೊಂಕಣಿ, ಅಲ್ಲಿ ಮಳೆ 'ಪಾವಸ', ಮೀನು 'ನುಸ್ತೆ'. ಅಂಕೋಲಾ, ಕುಮಟಾದ ಹಾಲಕ್ಕಿ ಸಮುದಾಯದ ಮಕ್ಕಳ ಕನ್ನಡ ಬೇರೆ, ಭಟ್ಕಳದ ನವಾಯತಿ ಭಾಷೆಯೇ ಬೇರೆ. ಪುಸ್ತಕದ ಕನ್ನಡ ಅವರಿಗೆ ಶಾಲೆಗೆ ಬಂದ ಮೇಲೆ ಸಿಕ್ಕಿದ್ದು. ಶಿರಸಿಯ ಅಡಿಕೆ ತೋಟದ ಮನೆಯ ಮಗು 'ಕೊನೆಕೊಯ್ಲು', 'ಕೊಳೆರೋಗ' ಅಂದರೆ ಕ್ಷಣದಲ್ಲಿ ಹಿಡಿಯುತ್ತದೆ. ಅದೇ ಮಗು ರೈಲಿನ ಕಥೆಯಲ್ಲಿ ಮುಗ್ಗರಿಸಬಹುದು. ಹಾಗಾಗಿ ಮಟ್ಟ ಅನ್ನುವುದು ಮಗುವಿನ ಮೇಲೆ ಕೂತಿರುವ ಗುರುತಲ್ಲ. ಇವತ್ತು, ಈ ವಿಷಯದಲ್ಲಿ, ಇಷ್ಟು ಅಂತ ಮಾತ್ರ ಹೇಳಬಹುದು.

ಅಮೆರಿಕದ ಶಾಲಾ ಗ್ರಂಥಪಾಲಕರ ಸಂಘವೇ 2011ರಲ್ಲಿ, ಪುಸ್ತಕಕ್ಕೆ ಮಟ್ಟದ ಚೀಟಿ ಅಂಟಿಸುವುದು ಬೇಡ, ಕಪಾಟನ್ನು ಹಾಗೆ ಜೋಡಿಸುವುದೂ ಬೇಡ ಎಂದಿತು. ಒಬ್ಬ ಎಷ್ಟು ಓದಬಲ್ಲ ಅನ್ನುವುದು ಜೊತೆಗಿರುವ ಮಕ್ಕಳಿಗೆಲ್ಲ ಗೊತ್ತಾಗಿಬಿಡುತ್ತದೆ ಅನ್ನುವುದೂ ಅವರು ಕೊಟ್ಟ ಕಾರಣಗಳಲ್ಲಿ ಒಂದು. ಕಪಾಟಿನ ಮುಂದೆ ಆ ಹುಡುಗಿ ಹೇಳಿದ ಮಾತು ನೆನಪಾಗುತ್ತದೆ. ಅವಳ ತಪ್ಪೇನಿಲ್ಲ. ಗೋಡೆಯ ಮೇಲೆ ನಾವು ಬರೆದದ್ದನ್ನೇ ಅವಳು ಓದಿ ಹೇಳಿದ್ದು.

ಶಾಲೆಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಬಣ್ಣದ ಚೀಟಿ ಬೆನ್ನಿನಿಂದ ತೆಗೆದು ಹಿಂದಿನ ರಟ್ಟಿನ ಒಳಗೆ ಅಂಟಿಸಿ. ಪುಸ್ತಕ ಆರಿಸುವ ಶಿಕ್ಷಕರಿಗೆ ಅಷ್ಟು ಸಾಕು. ಪಟ್ಟಿ ಶಿಕ್ಷಕರ ವಹಿಯಲ್ಲಿರಲಿ, ಗೋಡೆಯ ಮೇಲೆ ಬೇಡ. ಪ್ರತಿ ಮಗು ಎರಡು ಪುಸ್ತಕ ಒಯ್ಯಲಿ, ಒಂದು ಟೀಚರ್ ಆರಿಸಿದ್ದು, ಇನ್ನೊಂದು ಅದಕ್ಕೇ ಬೇಕಾದದ್ದು. ಎರಡನೆಯದನ್ನು ಓದಲಾಗದೆ ಚಿತ್ರ ನೋಡಿ ತಂದುಕೊಟ್ಟರೂ ಬೈಯಬೇಡಿ. ಹೊಸ ಪುಸ್ತಕ ಕೊಳ್ಳುವಾಗ ಕಡಲು, ದೋಣಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಅಡಿಕೆ ತೋಟದ ಬಗ್ಗೆ ಸಣ್ಣ ವಾಕ್ಯದಲ್ಲಿ ಬರೆದ ಪುಸ್ತಕ ಸಿಗುತ್ತದಾ ಅಂತ ಹುಡುಕಿ. ದೊಡ್ಡ ಮಕ್ಕಳಿಗೆ ಕಾಗೆ, ಗುಬ್ಬಿಯ ಕಥೆ ಕೊಟ್ಟರೆ ನಾಚಿಕೆಯಾಗುತ್ತದೆ. ಅವರ ವಯಸ್ಸಿನ ವಿಷಯವೇ ಸುಲಭದ ಮಾತಿನಲ್ಲಿ ಬೇಕು.

ರಜೆ ಮುಗಿದು ಶಾಲೆ ಶುರುವಾಗುವ ಮೊದಲು ಇಷ್ಟು ಮಾಡಿಬಿಡಬಹುದು. ನಾನು ಹೋಗುವ ಶಾಲೆಯಲ್ಲಿ ಚೀಟಿ ಬಿಡಿಸಿ ಒಳಗೆ ಅಂಟಿಸಲು ನಾನೇ ಕೂರುತ್ತೇನೆ ಅಂತ ಹೇಳಿದ್ದೇನೆ. ಗೋಂದು ಕೂಡ ಮನೆಯಿಂದಲೇ ತರುತ್ತೇನೆ.

— ನಿವೃತ್ತ ಶಿಕ್ಷಕಿ, ಕಾರವಾರ