ಊಟ ಆಯ್ತಾ ಅಂತ ಕೇಳಿದವರಿಗೆ

ಬ್ಯಾಂಕಾಕ್‌ಗೆ ಬಂದು ಮೊನ್ನೆಗೆ ಒಂದು ವರ್ಷ ತುಂಬಿತು. ಈ ವರ್ಷದಲ್ಲಿ ನಮ್ಮ ಕೈ ಹಿಡಿದವರು ತುಂಬಾ ಜನ. ಅವರಲ್ಲಿ ಹೆಚ್ಚಿನವರಿಗೆ ಕನ್ನಡ ಓದಲು ಬರುವುದಿಲ್ಲ. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ತರಕಾರಿ ಕೊಳ್ಳುವಷ್ಟು, ದಾರಿ ಕೇಳುವಷ್ಟು ಥಾಯ್ ನನಗೀಗ ಬರುತ್ತದೆ, ಆದರೆ ಮನಸ್ಸು ತುಂಬಿ ಬಂದಾಗ ನನ್ನ ಭಾಷೆಯೇ ಬೇಕು ಅನ್ನಿಸುತ್ತದೆ. ಇನ್ನೊಂದು ಕಾರಣವೂ ಇದೆ. 2025ರ ಮಾರ್ಚ್ 28ರ ಭೂಕಂಪದ ರಾತ್ರಿ ಕೊನೆಗೂ ಫೋನ್ ಸಿಕ್ಕಾಗ ಅಮ್ಮ ಅಳುತ್ತಾ ಕೇಳಿದ್ದು ಒಂದೇ ಮಾತು. "ಅಲ್ಲಿ ನಿಮಗೆ ಅಂತ ಯಾರಿದ್ದಾರೆ ಮಗಳೇ?" ಅವತ್ತು ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಯಾರ್ಯಾರಿದ್ದಾರೆ ಅಂತ ಈಗ ಹೇಳುತ್ತೇನೆ.

ನಾವು ಹಾಸನದಿಂದ ಬಂದದ್ದು 2024ರ ಜುಲೈನಲ್ಲಿ, ಜೋರು ಮಳೆಗಾಲ. ಯಜಮಾನರ ಕೆಲಸ ರಯೋಂಗ್‌ನ ಕಾರ್ಖಾನೆಯಲ್ಲಿ, ಸೋಮವಾರ ಬೆಳಗ್ಗೆ ಹೋದರೆ ಶುಕ್ರವಾರ ರಾತ್ರಿ ಬರುತ್ತಾರೆ. ಮಗನ ಶಾಲೆಗೋಸ್ಕರ ನಾನೂ ಅವನೂ ಬ್ಯಾಂಕಾಕ್‌ನ ಓನ್ ನುಟ್ ಕಡೆ, 14ನೇ ಮಹಡಿಯ ಮನೆಯಲ್ಲಿ. ಇಳಿದ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಒಳಗೆ ಸಮುದ್ರ ಮಥನದ ದೊಡ್ಡ ಶಿಲ್ಪ, ಮಗ ನೋಡಿದ ತಕ್ಷಣ "ಅಮ್ಮಾ, ವಾಸುಕಿ!" ಅಂತ ಕೂಗಿದ. ನನಗೂ ಸ್ವಲ್ಪ ಧೈರ್ಯ ಬಂತು.

ಹೊರಗೆ ಬಂದ ಮೇಲೆ ಆ ಧೈರ್ಯ ಜಾಸ್ತಿ ದಿನ ಉಳಿಯಲಿಲ್ಲ. ಬೋರ್ಡ್ ಓದಲು ಬರುವುದಿಲ್ಲ, ಬೆಲೆ ಕೇಳಲು ಬರುವುದಿಲ್ಲ. ಮಗನನ್ನು ಶಾಲೆಗೆ ಬಿಟ್ಟು ಬಂದರೆ ಸಂಜೆವರೆಗೂ ಬಾಯಿ ಬಿಡುವ ಸಂದರ್ಭವೇ ಇರುತ್ತಿರಲಿಲ್ಲ. ಒಂದು ದಿನ ಹಾಲಿನ ಡಬ್ಬದ ಮೇಲೆ ಇಸವಿ ಇರಬೇಕಾದ ಕಡೆ 67 ಅಂತ ಕಂಡಿತು. ಬಾಡಿಗೆ ಕರಾರು ಪತ್ರ ತೆಗೆದರೆ ಅದರಲ್ಲಿ 2567. ಇಲ್ಲಿ ಬುದ್ಧನ ಲೆಕ್ಕದ ವರ್ಷ, ನಮ್ಮ ಇಸವಿಗೆ 543 ಕೂಡಿಸಬೇಕು ಅಂತ ಹೇಳಿಕೊಟ್ಟವರು ನಮ್ಮ ಕಟ್ಟಡದ ಸೆಕ್ಯೂರಿಟಿ ಅಣ್ಣ. ಮಾತು ನನಗೆ ಅರ್ಥವಾಗುವುದಿಲ್ಲ ಅಂತ ಗೊತ್ತಾಗಿ, ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ಲೆಕ್ಕ ಬರೆದು, ಕಳೆದು ತೋರಿಸಿದರು. ಮೊದಲ ನಮಸ್ಕಾರ ಅವರಿಗೆ.

ಎರಡನೆಯದು ಥಾಯ್ ಕಲಿಸಿದ ಖ್ರೂಗೆ. ಖ್ರೂ ಅಂದರೆ ನಮ್ಮ ಗುರುವೇ. ಮೊದಲ ಪಾಠದಲ್ಲಿ ಅವರು ಅಕ್ಷರ ಬರೆಯುತ್ತಾ ಹೋದ ಹಾಗೆ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಕ, ಖ, ಆಮೇಲೆ ಸಾಲಿನ ಕೊನೆಗೆ ಙ! ಒಟ್ಟು 44 ವ್ಯಂಜನ, ಆದರೆ ಬರುವುದು ನಮ್ಮ ವರ್ಗಗಳ ಸಾಲಿನಲ್ಲೇ. ವಾರಗಳ ಹೆಸರು ಹೇಳಿದಾಗ ಇನ್ನೂ ಖುಷಿ. ಮಂಗಳವಾರ ಆಂಗ್‌ಖಾನ್, ಅಂದರೆ ಅಂಗಾರಕ. ಬುಧವಾರ ಪುತ್. ಶುಕ್ರವಾರ ಸುಕ್. ಊರಿನ ಪಂಚಾಂಗ ಯಾರೋ ಬೇರೆ ದನಿಯಲ್ಲಿ ಓದಿದ ಹಾಗಿತ್ತು.

ಕಷ್ಟ ಆದದ್ದು ದನಿಯ ಏರಿಳಿತ. ಖಾವ್ ಅನ್ನುವ ಮಾತನ್ನು ದನಿ ಇಳಿಸಿ ಹೇಳಿದರೆ ಅನ್ನ, ಏರಿಸಿ ಹೇಳಿದರೆ ಬಿಳಿ ಬಣ್ಣ, ತಗ್ಗಿನಲ್ಲೇ ಇಟ್ಟರೆ ಸುದ್ದಿ. ಖ್ರೂ ನನ್ನ ಕೈ ಹಿಡಿದುಕೊಂಡು ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸುತ್ತಾ ಹೇಳಿಸುತ್ತಿದ್ದರು, ಸಂಗೀತದ ಮೇಡಂ ಮಕ್ಕಳಿಗೆ ತಾಳ ಹಾಕಿಸುವ ಹಾಗೆ. ಹತ್ತು ಸಲ ತಪ್ಪಿದರೂ ಅವರ ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ. "ಮೈ ಪೆನ್ ರೈ", ಪರವಾಗಿಲ್ಲ. ಈ ಮಾತನ್ನು ಈ ಊರಲ್ಲಿ ನನಗೆ ಎಷ್ಟು ಜನ ಹೇಳಿದ್ದಾರೋ, ಲೆಕ್ಕವಿಲ್ಲ.

ಈಗ ಪಾ ವಿಷಯ. ಬರೆಯಬೇಕು ಅಂತ ಕೂತದ್ದೇ ಇವರಿಗಾಗಿ.

ನಮ್ಮ ಸೋಯಿಯ ಬಾಯಲ್ಲಿ, ಅಂದರೆ ಗಲ್ಲಿ ಶುರುವಾಗುವ ಕಡೆ, ಪಾ ಅವರ ಊಟದ ಗಾಡಿ ಇದೆ. ಒಂದು ದೊಡ್ಡ ಬಾಣಲಿ, ನಾಲ್ಕು ಮೇಜು, ಪ್ಲಾಸ್ಟಿಕ್ ಸ್ಟೂಲುಗಳು. ಪಾ ಅನ್ನುವುದು ಹೆಸರಲ್ಲ. ತಂದೆಯ ಅಥವಾ ತಾಯಿಯ ಅಕ್ಕನಿಗೆ ಇಲ್ಲಿ ಪಾ ಅನ್ನುತ್ತಾರೆ, ನಮ್ಮಲ್ಲಿ ದೊಡ್ಡಮ್ಮ ಅಂದ ಹಾಗೆ. ತಾಯಿಯ ತಾಯಿ ಯಾಯ್, ತಂದೆಯ ತಾಯಿ ಯಾ. ನಮಗಿಂತ ದೊಡ್ಡವರೆಲ್ಲ ಪೀ, ಚಿಕ್ಕವರೆಲ್ಲ ನೋಂಗ್. ಅಂಗಡಿಯವರನ್ನೂ ಬಸ್ಸಿನವರನ್ನೂ ಹಾಗೇ ಕರೆಯುತ್ತಾರೆ. ನಾವೂ ಊರಲ್ಲಿ ಹೂವಿನವಳನ್ನು ಅಕ್ಕಾ ಅಂತಲೇ ಕೂಗುತ್ತೇವೆ ಅಲ್ವಾ? ಆ ಪದಗಳು ಗೊತ್ತಾದ ದಿನದಿಂದ ನನಗೆ ಈ ಊರಿನ ರಸ್ತೆಯಲ್ಲಿ ನಡೆಯುವ ಭಯ ಹೋಯಿತು.

ಮೊದಲು ಗಾಡಿಯ ಮುಂದೆ ನಿಂತಾಗ ನನಗೆ ಗೊತ್ತಿದ್ದದ್ದು ಒಂದೇ ಪದ, ಜೇ. ಮಾಂಸ, ಮೀನು, ಮೊಟ್ಟೆ ಏನೂ ಇಲ್ಲದ ಊಟಕ್ಕೆ ಇಲ್ಲಿ ಜೇ ಅನ್ನುತ್ತಾರೆ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಪಾ ನನ್ನನ್ನು ನೋಡಿದರು, ಬಾಣಲಿ ನೋಡಿದರು, ಒಲೆ ಆರಿಸಿದರು. ಬಾಣಲಿಯನ್ನು ಎರಡು ಸಲ ತೊಳೆದು ಒರೆಸಿ, ಬೇರೆ ಸೌಟು ತೆಗೆದು, ತೋಫು ಮತ್ತು ಸೊಪ್ಪು ಬಾಡಿಸಿ ಕೊಟ್ಟರು. ನನ್ನ ಹಿಂದೆ ಐದಾರು ಜನ ಕಾಯುತ್ತಿದ್ದರು, ಮಧ್ಯಾಹ್ನದ ಹೊತ್ತು, ಯಾರೂ ಒಂದು ಮಾತಾಡಲಿಲ್ಲ. ಮುಂದಿನ ವಾರ ಹೋದಾಗ ಗಾಡಿಯ ಮೂಲೆಯಲ್ಲಿ ಸೋಯಾ ಸಾಸಿನ ಹೊಸ ಬಾಟಲಿ ಇತ್ತು, ಕುತ್ತಿಗೆಗೆ ಹಳದಿ ಬಟ್ಟೆಯ ಚೂರು ಕಟ್ಟಿದ್ದರು. ಮೀನಿನ ನೀರು, ಅಂದರೆ ನಾಮ್ ಪ್ಲಾ, ತಗುಲದ ಬಾಟಲಿ ಅದು. ನನ್ನೊಬ್ಬಳಿಗೋಸ್ಕರ.

ಇಲ್ಲಿ ಸಾರು, ಪಲ್ಯ, ಕೊನೆಗೆ ಕಾಫಿಯನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿ ಕೊಡುತ್ತಾರೆ. ಒಳಗೆ ಗಾಳಿ ತುಂಬಿ ಚೀಲ ಬಲೂನಿನ ಹಾಗೆ ಉಬ್ಬಿರುತ್ತದೆ. ನನಗೆ ಬಿಚ್ಚಲು ಬರುತ್ತಿರಲಿಲ್ಲ, ಕತ್ತರಿ ಹಾಕುತ್ತಿದ್ದೆ. ಪಾ ಒಂದು ದಿನ ಕೂರಿಸಿಕೊಂಡು ತೋರಿಸಿದರು. ಹೊರಗೆ ಚಾಚಿರುವ ಒಂದು ಸಣ್ಣ ಕುಣಿಕೆಯನ್ನು ಹಿಡಿದು ಎಳೆದರೆ ಸಾಕು, ಬ್ಯಾಂಡ್ ತಾನಾಗೇ ಸುರುಳಿ ಬಿಚ್ಚಿಕೊಳ್ಳುತ್ತದೆ. ಅವರ ಬೆರಳಲ್ಲಿ ಸುಟ್ಟ ಕಲೆಗಳಿದ್ದವು. ನಿಧಾನವಾಗಿ ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದರು.

ಅವತ್ತಿನಿಂದ ದಿನಾ ನನ್ನನ್ನು ಕಂಡ ತಕ್ಷಣ ಕೇಳುವುದು "ಕಿನ್ ಖಾವ್ ರೂ ಯಾಂಗ್?" ಅಂತ. ಅನ್ನ ಉಂಡೆಯಾ, ಇನ್ನೂ ಇಲ್ಲವಾ? ಊಟ ಆಯ್ತಾ? ಇದನ್ನು ನನಗೆ ಯಾರೂ ಅನುವಾದ ಮಾಡಿ ಹೇಳಬೇಕಾಗಲಿಲ್ಲ. ಮೊದಲ ಸಲ ಅರ್ಥವಾದ ದಿನ ಮನೆಗೆ ಬಂದು ಸುಮ್ನೆ ಅತ್ತುಬಿಟ್ಟೆ.

ಅಕ್ಟೋಬರ್‌ನಲ್ಲಿ ನವರಾತ್ರಿ ಹತ್ತಿರ ಬಂದಾಗ ಊರಿನ ನೆನಪು ಜಾಸ್ತಿ ಆಯಿತು. ಹೋದ ವರ್ಷ ನವರಾತ್ರಿ ಶುರುವಾದ ಅಕ್ಟೋಬರ್ 3ರಂದೇ ಇಲ್ಲಿನ ಜೇ ಹಬ್ಬವೂ ಶುರುವಾಯಿತು. ಚೀನೀ ಮೂಲದ ಥಾಯ್ ಜನರ ಹಬ್ಬ ಅದು, ಒಂಬತ್ತು ದಿನ. ಬೆಳಗ್ಗೆ ಎದ್ದು ನೋಡಿದರೆ ಬೀದಿ ತುಂಬಾ ಹಳದಿ ಬಾವುಟ, ಮೇಲೆ ಕೆಂಪು ಅಕ್ಷರ. ಪಾ ಗಾಡಿಗೂ ಬಾವುಟ ಕಟ್ಟಿದ್ದರು. ಒಂಬತ್ತು ದಿನ ಏನು ಬೇಕಾದರೂ ತಿನ್ನು ಅಂತ ಕೈ ಬೀಸಿ ಎಲ್ಲಾ ಪಾತ್ರೆ ತೋರಿಸಿದರು. ಆ ಹಬ್ಬದಲ್ಲೇ ಒಂದು ಸಂಜೆ ಅವರನ್ನು ಸಿಲೋಮ್‌ನ ಮಾರಿಯಮ್ಮನ ಗುಡಿಗೆ ಕರೆದುಕೊಂಡು ಹೋದೆ, ಇಲ್ಲಿನವರು ವಾಟ್ ಖೇಕ್ ಅನ್ನುತ್ತಾರೆ. ನಾನು ಅವರಿಗೆ ದಾರಿ ತೋರಿಸೋಣ ಅಂದುಕೊಂಡಿದ್ದೆ. ನೋಡಿದರೆ ಗುಡಿಯ ತುಂಬಾ ಥಾಯ್ ಭಕ್ತರೇ, ಪಾಗೆ ಎಲ್ಲಿ ದೀಪ ಇಡಬೇಕು ಅನ್ನುವುದೂ ನನಗಿಂತ ಚೆನ್ನಾಗಿ ಗೊತ್ತಿತ್ತು.

ಹೂವಿನದೂ ಹೇಳಬೇಕು. ಸಿಗ್ನಲ್‌ನಲ್ಲಿ ಮಲ್ಲಿಗೆ ಹಾರ ಮಾರುತ್ತಾರೆ, ಫುವಾಂಗ್ ಮಾಲೈ ಅಂತ. ಮೊಗ್ಗುಗಳನ್ನು ಎಷ್ಟು ಒತ್ತಾಗಿ ಪೋಣಿಸಿರುತ್ತಾರೆ ಅಂದರೆ ದಾರ ಕಾಣುವುದಿಲ್ಲ. ನಾನು ಒಂದು ಕೊಂಡು ಮುಡಿಯಲು ಹೋದೆ. ಪಾ ಮೆಲ್ಲಗೆ ಕೈ ಹಿಡಿದು, ಇದು ದೇವರಿಗೆ ಅಂತ ಗಾಡಿಯ ಪಕ್ಕದ ಪುಟ್ಟ ಗುಡಿ ತೋರಿಸಿದರು. ಮರುದಿನ ನನಗೆ ಅಂತಲೇ ಬಿಡಿ ಮಲ್ಲಿಗೆ ತಂದುಕೊಟ್ಟರು, ಕಟ್ಟಿಕೋ ಅಂತ. ಅವರ ಮುಂದೆಯೇ ಬೆರಳಲ್ಲಿ ದಂಡೆ ಕಟ್ಟಿದೆ, ಪಕ್ಕದ ಹಣ್ಣಿನ ಪೀ ಸಹ ಬಂದು ನೋಡಿದರು.

ಇನ್ನು ಮಾರ್ಚ್ 28. ಶುಕ್ರವಾರ, ಮಧ್ಯಾಹ್ನ 1 ಗಂಟೆ 20 ನಿಮಿಷದ ಹೊತ್ತು. ಬಟ್ಟೆ ಮಡಿಸುತ್ತಿದ್ದೆ. ತಲೆ ಸುತ್ತು ಬಂತು ಅಂದುಕೊಂಡೆ, ಆಮೇಲೆ ನೋಡಿದರೆ ದೀಪ ತೂಗುತ್ತಿದೆ, ಗೋಡೆ ಕರಕರ ಅನ್ನುತ್ತಿದೆ. ಭೂಕಂಪ ಆದದ್ದು ಮ್ಯಾನ್ಮಾರ್‌ನಲ್ಲಿ, ಸಾವಿರ ಕಿಲೋಮೀಟರಿಗೂ ದೂರ, 7.7 ತೀವ್ರತೆ. ಆದರೆ ಬ್ಯಾಂಕಾಕ್ ನಿಂತಿರುವುದು ಮೆತ್ತನೆಯ ಜೇಡಿಮಣ್ಣಿನ ಮೇಲೆ, ಎತ್ತರದ ಕಟ್ಟಡಗಳೆಲ್ಲ ತೂಗಿಬಿಟ್ಟವು. ಚತುಚಾಕ್ ಬಳಿ ಕಟ್ಟುತ್ತಿದ್ದ ದೊಡ್ಡ ಕಟ್ಟಡ ಪೂರ್ತಿ ಕುಸಿದು, ಕೆಲಸದವರು ಎಷ್ಟೋ ಜನ ಹೋದರು. ಅವರ ಮನೆಯವರನ್ನು ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ.

14 ಮಹಡಿ ಹೇಗೆ ಇಳಿದೆ ಅಂತ ನೆನಪಿಲ್ಲ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮಗ ಶಾಲೆಯಲ್ಲಿ, ಫೋನ್ ಹೋಗುತ್ತಿಲ್ಲ, ಬಿಟಿಎಸ್ ರೈಲು ನಿಂತಿದೆ, ರಸ್ತೆಯಲ್ಲಿ ಕಾರುಗಳು ಅಲುಗುತ್ತಿಲ್ಲ. ಸೋಯಿಯ ಬಾಯಲ್ಲಿ ನನ್ನನ್ನು ನೋಡಿದ ಪಾ ತಮ್ಮ ಕಾಲಿನ ಚಪ್ಪಲಿ ಬಿಚ್ಚಿ ನನ್ನ ಮುಂದೆ ಇಟ್ಟರು, ಆಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ ಬೈಕ್ ಟ್ಯಾಕ್ಸಿಯ ಲುಂಗ್‌ಗೆ, ಅಂದರೆ ದೊಡ್ಡಪ್ಪನ ವಯಸ್ಸಿನವರಿಗೆ, ಶಾಲೆಯ ಹೆಸರು ಕೂಗಿ ಹೇಳಿದರು. ಆ ಲುಂಗ್ ಫುಟ್‌ಪಾತ್ ಮೇಲೆ, ಸಂದಿಗಳಲ್ಲಿ, ಒಂದು ಕಡೆ ಇಳಿದು ಬೈಕ್ ತಳ್ಳಿಕೊಂಡು ನನ್ನನ್ನು ಮುಟ್ಟಿಸಿದರು. ಶಾಲೆಯ ಮೈದಾನದಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು, ಮೇಡಂಗಳು ಹಾಡು ಹೇಳಿಸುತ್ತಿದ್ದರು. ಮಗ ನನ್ನನ್ನು ನೋಡಿ ಕೈ ಬೀಸಿದ. ಆ ಮೇಡಂಗಳಿಗೂ ಮನೆಯಲ್ಲಿ ಮಕ್ಕಳಿರಬಹುದು, ಅವರಿಗೂ ಫೋನ್ ಸಿಕ್ಕಿರಲಿಕ್ಕಿಲ್ಲ. ಆದರೂ ಒಬ್ಬರ ದನಿಯೂ ನಡುಗಲಿಲ್ಲ.

ಲುಂಗ್ ನಮ್ಮಿಬ್ಬರನ್ನೂ ವಾಪಸ್ ತಂದು ಬಿಟ್ಟರು. ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡು, ಬೇರೆ ಯಾರನ್ನೋ ಕರೆತರಲು ಹೊರಟುಹೋದರು.

ಕಟ್ಟಡದಲ್ಲಿ ಬಿರುಕು ಪರೀಕ್ಷೆ ಮಾಡುವವರೆಗೆ ಮೇಲೆ ಹೋಗುವ ಹಾಗಿರಲಿಲ್ಲ. ರಾತ್ರಿ ಪಾ ಅವರ ಮನೆಯಲ್ಲಿ ಮಲಗಿದೆವು, ಸೋಯಿಯ ಒಳಗಿನ ಹಳೇ ಮರದ ಮನೆ. ರಯೋಂಗ್‌ನಿಂದ ಯಜಮಾನರು ಬಂದು ಮುಟ್ಟುವಾಗ ನಡುರಾತ್ರಿ ದಾಟಿತ್ತು. ಅಷ್ಟು ಹೊತ್ತಿಗೂ ಪಾ ಎದ್ದು ಬಾಗಿಲು ತೆರೆದರು. ಯಜಮಾನರನ್ನು ಪಾ ಅದುವರೆಗೆ ಸರಿಯಾಗಿ ನೋಡಿಯೂ ಇರಲಿಲ್ಲ. ಕೇಳಿದ್ದು ಮಾತ್ರ ಅದೇ, "ಕಿನ್ ಖಾವ್ ರೂ ಯಾಂಗ್?" ಯಜಮಾನರು ನನ್ನ ಮುಖ ನೋಡಿದರು. "ಊಟ ಆಯ್ತಾ ಅಂತ ಕೇಳ್ತಿದ್ದಾರೆ ರೀ" ಅಂದೆ.

ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನ ಅಕ್ಕಂದಿರಿಗೂ ಅಣ್ಣಂದಿರಿಗೂ ತುಂಬಾ ಧನ್ಯವಾದ. ಪಹುರತ್‌ನಲ್ಲಿ ತೊಗರಿಬೇಳೆ ಎಲ್ಲಿ ಸಿಗುತ್ತದೆ ಅನ್ನುವುದರಿಂದ ಹಿಡಿದು, ಅವತ್ತು ಸಂಜೆ ಪ್ರತಿಯೊಬ್ಬರ ಹೆಸರು ಬರೆದು ಯಾರು ಸಿಕ್ಕಿದರು, ಯಾರು ಸಿಕ್ಕಿಲ್ಲ ಅಂತ ಪಟ್ಟಿ ಮಾಡಿದಿರಲ್ಲ, ಅದನ್ನು ಮರೆಯುವುದಿಲ್ಲ.

ಥಾಯ್‌ನಲ್ಲಿ ಧನ್ಯವಾದಕ್ಕೆ ಖೋಪ್ ಖುನ್ ಅನ್ನುತ್ತಾರೆ. ಆ ಖುನ್ ನಮ್ಮ ಗುಣ ಅಂತ ಖ್ರೂ ಹೇಳಿಕೊಟ್ಟಿದ್ದರು. ಬುನ್ ಖುನ್ ಅಂತ ಇನ್ನೊಂದು ಮಾತಿದೆ, ಪುಣ್ಯ ಮತ್ತು ಗುಣ ಸೇರಿ ಆದದ್ದು. ಒಬ್ಬರು ಮಾಡಿದ ಉಪಕಾರದ ಭಾರಕ್ಕೆ ಹಾಗನ್ನುತ್ತಾರೆ, ನಾವು ಋಣ ಅನ್ನುತ್ತೇವಲ್ಲ, ಅದು. ಪಾಗೆ ಈ ಪದ ಹೇಳಿ ಕೈ ಮುಗಿದೆ. ಅವರು ನನ್ನ ಕೈಗಳನ್ನು ಹಿಡಿದು ಕೆಳಗಿಳಿಸಿ, ಮಗನ ಕೈಗೆ ಒಂದು ಬಾಳೆಹಣ್ಣು ಕೊಟ್ಟರು.

ಅಮ್ಮಾ, ನಮಗೆ ಅಂತ ಇಲ್ಲಿ ಇರುವವರು ಇವರು. ದೀಪಾವಳಿಗೆ ನೀನು ಬರುತ್ತೀಯಲ್ಲ, ಈ ವರ್ಷ ಜೇ ಹಬ್ಬವೂ ಅದೇ ಹೊತ್ತಿಗೆ ಬಂದಿದೆ. ನೀನು ಏನು ತಿನ್ನುತ್ತೀಯ, ಖಾರ ಎಷ್ಟು ಬೇಕು ಅಂತ ಪಾ ಆಗಲೇ ಎರಡು ಸಲ ಕೇಳಿದ್ದಾರೆ. ನಿನಗೆ ಅಂತ ಬೇರೆ ಚಿಕ್ಕ ಬಾಣಲಿ ಕೊಂಡು, ಕಾಗದ ಸುತ್ತಿ ಗಾಡಿಯ ಕೆಳಗೆ ಇಟ್ಟಿದ್ದಾರೆ.